ಗಾಳಿ ಬೂಟು

ಮಾರ್ಚ್ ಹದಿನೇಳು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ತಮ್ಮನಿಗೆ,

ಅಕ್ಕ ಮನಸಾರೆ ಹರಸಿ ಬರೆಯುವುದು. ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. ನೀನೂ ನಿನ್ನ ಹೆಂಡತಿಯೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ನೀನು ಬೂಟು ಕಳಿಸಿ ಮೂರು ತಿಂಗಳಾಯಿತು, ನಾನು ಒಂದು ಸಾಲೂ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದು, ಬೇರೆ ಯಾರಿಗಾದರೂ ಆಗಿದ್ದರೆ ಹಾಗೇ ಬರೆಯುತ್ತಿದ್ದೆ. ನಾಲ್ಕು ಸಲ ಕಾಗದ ಮುಂದಿಟ್ಟುಕೊಂಡು ಕೂತೆ. ನಾಲ್ಕು ಸಲವೂ ನೀನು ಕೇಳಿದ ಪ್ರಶ್ನೆಯ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿತು. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ.

ಬೂಟಿನ ಪೆಟ್ಟಿಗೆಯಲ್ಲಿ ನೀನಿಟ್ಟಿದ್ದ ಚೀಟಿ ಈಗಲೂ ನನ್ನ ಬಣ್ಣದ ಡಬ್ಬಗಳ ನಡುವೆ ಇದೆ. ‘ಅಕ್ಕ, ಬುಗುರಿಗೆ ಗಾಲಿ ಬೂಟು ಕಳಿಸಿದ್ದೇನೆ. ಅಟ್ಟೆ ಕೊರೆದು ಹಿಮ್ಮಡಿಗೆ ಗಾಲಿ ಕೂರಿಸಿದವನು ನಾನೇ. ಕಾರ್ಖಾನೆಯವರು ಇಂಥವನ್ನು ಸಾವಿರಗಟ್ಟಲೆ ಮಾಡಿಸುವ ಯೋಚನೆಯಲ್ಲಿದ್ದಾರೆ. ಜನ ಓಡಾಡುವ ಕಡೆ ಮಕ್ಕಳು ಇವನ್ನು ಹಾಕಿಕೊಳ್ಳಬಹುದೇ, ನೋಡಿ ಬರಿ. ನೀನು ಹೂಂ ಅಂದರೆ ನಾನೂ ಹೂಂ ಅನ್ನುತ್ತೇನೆ. ನಿನ್ನ ಮಾತಿನ ಮೇಲೆ ನನಗೆ ನಂಬಿಕೆ.’

ಇಷ್ಟು ಓದುವುದಕ್ಕೆ ಅರ್ಧ ಗಂಟೆ ಬೇಕಾಯಿತು ಮಾರಾಯ. ಚಿಕ್ಕಂದಿನಿಂದಲೂ ನಿನ್ನದು ಕಾಗೆಕಾಲು ಗುಬ್ಬಿಕಾಲು. ಬೋರ್ಡು ಬರೆದು ಬದುಕುವ ಅಕ್ಕನಿಗೆ ಇಂಥ ಅಕ್ಷರದ ತಮ್ಮ ಹೇಗೆ ಹುಟ್ಟಿದನೋ. ನಿನ್ನ ‘ಲಿ’ಗೆ ಒಂದು ಬಾಲ ಇಳಿಬಿದ್ದಿತ್ತು. ಬುಗುರಿ ಚೀಟಿಯನ್ನು ಕಿತ್ತುಕೊಂಡು ಓದಿದಳು. “ಅಮ್ಮಾ, ಮಾವ ಗಾಳಿ ಬೂಟು ಕಳ್ಸಿದಾರೆ,” ಅಂದಳು. ತಿದ್ದಲು ಹೋದೆ. “ಇಲ್ಲ, ಗಾಳಿ ಅಂತಲೇ ಇದೆ, ನೋಡು,” ಅಂದಳು. ಆವತ್ತಿನಿಂದ ಮನೆಯಲ್ಲಿ ಅದಕ್ಕೆ ಅದೇ ಹೆಸರು. ನನ್ನ ಯಜಮಾನರೂ ಕೆಲಸದಿಂದ ಬಂದವರು, “ಗಾಳಿ ಬೂಟಿನವಳು ಎಲ್ಲಿ?” ಎಂದೇ ಕೇಳುತ್ತಾರೆ.

ಮೊದಲ ಕೆಲವು ದಿನ ಮನೆಯ ಉದ್ದ ಹಜಾರದಲ್ಲೇ ಅಭ್ಯಾಸ. ನಾನು ಅವಳ ಎರಡೂ ಕೈ ಹಿಡಿದು ಹಿಂದೆ ಹಿಂದೆ ನಡೆಯುವುದು, ಅವಳು ಹಿಮ್ಮಡಿಯ ಮೇಲೆ ಭಾರ ಹಾಕಿ, ಮುಂಗಾಲು ಎತ್ತಿ, ನನ್ನ ಕಡೆಗೆ ಜಾರಿ ಬರುವುದು. “ಬಿಡಬೇಡ ಅಮ್ಮಾ, ಬಿಡಬೇಡ.” ಎರಡು ವಾರವಾದ ಮೇಲೆ ಅದು “ಬಿಡು ಅಮ್ಮಾ” ಆಯಿತು. ನಾನು ಬಿಡಲಿಲ್ಲ. “ಇವಳು ದೊಡ್ಡವಳಾಗಿ ಆಫೀಸಿಗೆ ಹೋಗೋವಾಗ್ಲೂ ಹೀಗೇ ಹಿಡ್ಕೊಂಡು ಹೋಗ್ತೀಯಾ?” ಎಂದು ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ.

ಒಂದು ದಿನ ಹಾಗೇ ಜಾರುತ್ತಾ ಅವಳು ಕೇಳಿದಳು, “ಅಮ್ಮಾ, ಮಾವನ ಎಡಗಾಲು ಯಾಕೆ ಗಿಡ್ಡ?” ನಮ್ಮ ಮನೆಯಲ್ಲಿ ಯಾವಾಗಲೂ ಹೇಗೆ ಹೇಳುತ್ತಾರೋ ಹಾಗೇ ಹೇಳಿದೆ. ಮಾವನಿಗೆ ಆಗ ಆರು ವರ್ಷ, ನನಗೆ ಹತ್ತು. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಅವನು ಗಾಲಿ ಹಲಗೆಯ ಮೇಲೆ ಕೂತಿದ್ದ, ನಾನು ಹಿಂದಿನಿಂದ ಹಗ್ಗ ಹಿಡಿದಿದ್ದೆ, ಹಗ್ಗ ಕೈಯಿಂದ ಜಾರಿತು. ಕೆಳಗೆ ಕಲ್ಲಿನ ಗೋಡೆ ಇತ್ತು.

“ಮಾವ ಏನೂ ಕೂಗಲಿಲ್ವಾ?”

ಕೂಗಿದ, ಗಾಳಿಗೆ ಏನೂ ಕೇಳಿಸಲಿಲ್ಲ ಅಂದೆ.

ಇರಲಿ. ನಾನು ಕೆಲಸ ಮಾಡುವ ಮಾರುಕಟ್ಟೆಯನ್ನು ನೀನು ನೋಡಿಲ್ಲ. ಉದ್ದಕ್ಕೆ ಗಾಜಿನ ಮಾಡು, ಎರಡೂ ಬದಿಗೆ ಅಂಗಡಿಗಳು, ನಡುವೆ ನುಣ್ಣನೆಯ ಕಲ್ಲಿನ ನೆಲ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಗಾಜಿನಿಂದ ಇಳಿದು ನೆಲದಲ್ಲಿ ನಿಂತ ನೀರಿನಂತೆ ಕಾಣುತ್ತದೆ. ನಾನು ಏಣಿಯ ಮೇಲೆ ಕೂತು ಅಂಗಡಿಗಳ ಹೆಸರು ತಿದ್ದುತ್ತಿರುತ್ತೇನೆ. ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ. ನಿಮ್ಮ ಕಾರ್ಖಾನೆಯವರು ಮಾದರಿಗೆಂದು ಹಂಚಿದ ಇಂಥ ಬೂಟು ಈಗ ಏಳೆಂಟು ಮಕ್ಕಳ ಕಾಲಲ್ಲಿದೆ. ಮೇಲಿನಿಂದ ನೋಡಿದರೆ ಕಾಲು ಕಾಣುವುದಿಲ್ಲ, ಬರೀ ತಲೆಗಳು. ನಡೆಯುವವರ ತಲೆ ಏಳುತ್ತದೆ, ಬೀಳುತ್ತದೆ. ಈ ಮಕ್ಕಳ ತಲೆಗಳು ಮಾತ್ರ ಒಂದೇ ಮಟ್ಟದಲ್ಲಿ ಸುಮ್ಮನೆ ತೇಲಿಕೊಂಡು ಹೋಗುತ್ತವೆ. ಸರ್ರ್ ಎಂಬ ಸಣ್ಣ ಸದ್ದು ಗಾಜಿಗೆ ತಾಗಿ ಮೇಲೆಲ್ಲೋ ಉಳಿಯುತ್ತದೆ. ಎಷ್ಟೋ ಸಲ ಕುಂಚದಲ್ಲಿ ಬಣ್ಣ ಒಣಗುವವರೆಗೂ ನೋಡುತ್ತಾ ಕೂತಿದ್ದೇನೆ. ನೋಡುತ್ತಾ ನೋಡುತ್ತಾ ನಾನೂ ಏಣಿಯ ಸಮೇತ ಎತ್ತಲೋ ಸಾಗುತ್ತಿದ್ದೇನೆ ಅನ್ನಿಸುತ್ತದೆ. ಆಗ ಗಟ್ಟಿಯಾಗಿ ಮೆಟ್ಟಿಲು ಹಿಡಿದುಕೊಳ್ಳುತ್ತೇನೆ.

ಹೋದ ತಿಂಗಳು ಒಂದು ಸೋಮವಾರ, ನಾನು ಮೇಲಿದ್ದಾಗಲೇ, ಬುಗುರಿ ಗೆಳತಿಯರ ಜೊತೆ ಬಂದಳು. ಹೊರಗೆ ಹಾಕಿಕೊಳ್ಳಬೇಡ ಅಂದಿದ್ದೆ. ಬೂಟು ಕಾಲಲ್ಲೇ ಇತ್ತು. ಕೂಗಿ ನಿಲ್ಲಿಸಬೇಕಿತ್ತು, ನೋಡುತ್ತಾ ಕೂತುಬಿಟ್ಟೆ. ಎಂಥ ಚೆಂದ ಬರುತ್ತಿದ್ದಳು ಗೊತ್ತೇನೋ. ತೋಳು ಎರಡೂ ಕಡೆ ಚಾಚಿ, ಕಣ್ಣು ಅರ್ಧ ಮುಚ್ಚಿ. ಆ ಹೊತ್ತಿಗೇ ಗಡಿಯಾರ ರಿಪೇರಿಯವರು ಬಿಡಿಭಾಗಗಳ ತಟ್ಟೆ ಹಿಡಿದು ಅಂಗಡಿಯಿಂದ ಹೊರಗೆ ಕಾಲಿಟ್ಟರು. ಅವರಿಗೆ ಎಪ್ಪತ್ತರ ಮೇಲೆ ವಯಸ್ಸು. ಬುಗುರಿ ಮುಂಗಾಲು ಊರಿ ನಿಲ್ಲಲು ನೋಡಿದಳು, ನೆಲ ಒರೆಸಿದ ಪಸೆ ಇನ್ನೂ ಆರಿರಲಿಲ್ಲ. ಹೋಗಿ ಗುದ್ದಿದಳು.

ದೇವರು ದೊಡ್ಡವನು, ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು, ಬೀಳಲಿಲ್ಲ. ತಟ್ಟೆ ಬಿತ್ತು. ಕಾಳಿಗಿಂತ ಸಣ್ಣ ಹಿತ್ತಾಳೆ ಗಾಲಿಗಳು, ನೂರಾರು, ಬಿಸಿಲು ಬಿದ್ದ ನೆಲದ ಮೇಲೆಲ್ಲ ಉರುಳಿ ಹೋದವು. ಬುಗುರಿ ಅಂಗೈ ತರಚಿಕೊಂಡು ಅವುಗಳ ನಡುವೆ ಕೂತಿದ್ದಳು.

“ನಿನ್ನ ಗಾಲಿ ನನ್ನ ಗಾಲಿಗಳನ್ನೆಲ್ಲ ಚೆಲ್ಲಿಬಿಡ್ತಲ್ಲಮ್ಮ,” ಅಂದರು ಅವರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮಕ್ಕಳೆಲ್ಲ ಬೂಟು ಬಿಚ್ಚಿಟ್ಟು, ಮೊಣಕಾಲೂರಿ, ಸಂಜೆಯವರೆಗೆ ಒಂದೊಂದೇ ಹೆಕ್ಕಿಕೊಟ್ಟರು. ನಾನೂ ಏಣಿಯಿಂದಿಳಿದು ಹೆಕ್ಕಿದೆ. ಒಂದು ಗಾಲಿ ಮಾತ್ರ ಸಿಗಲೇ ಇಲ್ಲ. ಅದು ಯಾರದೋ ಹಳೆಯ ಗಡಿಯಾರದ್ದು, ಬೇರೆಲ್ಲೂ ಸಿಗದಂಥದ್ದು.

ಮರುದಿನ ಮಾರುಕಟ್ಟೆಯ ಮೇಲ್ವಿಚಾರಕರು ನನ್ನನ್ನು ಕರೆಸಿದರು. “ಬಾಗಿಲಲ್ಲಿ ಒಂದು ಬೋರ್ಡ್ ಬರೀಬೇಕು. ಗಾಲಿ ಬೂಟು ಹಾಕಿಕೊಂಡು ಒಳಗೆ ಬರಬಾರದು, ಅಷ್ಟೇ. ಅಕ್ಷರ ದಪ್ಪ ಇರ್ಲಿ.” ಯಾರ ಮಗಳು ಗುದ್ದಿದ್ದು ಎಂದು ಅವರಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಬಂದೆ.

ಬರೆಯುವ ಮುಂಚೆ ಮಹಡಿಯ ಮೇಲಿನ ಮೂಳೆ ಡಾಕ್ಟರಮ್ಮನ ಹತ್ತಿರ ಬುಗುರಿಯ ಕೈ ತೋರಿಸಲು ಹೋಗಿದ್ದೆ. ನಿನ್ನ ಪ್ರಶ್ನೆಯನ್ನೂ ಕೇಳಿದೆ. “ಬೂಟಿನದೇನೂ ತಪ್ಪಿಲ್ಲ ಕಣ್ರೀ,” ಅಂದರು. “ಹಾಕ್ಕೊಂಡು ಎಲ್ಲಿಗೆ ಹೋಗ್ತಾರೆ ಅನ್ನೋದು ಮುಖ್ಯ. ಬೀಳೋವಾಗ ಮಕ್ಕಳು ಕೈ ಊರ್ತಾರೆ, ಮೊದಲು ಹೋಗೋದು ಮಣಿಕಟ್ಟು. ನನ್ನ ಹತ್ರ ಬಂದೋರೆಲ್ಲ ಹೊಸದಾಗಿ ಕಲಿಯೋರೇ. ಮಣಿಕಟ್ಟಿಗೆ ಪಟ್ಟಿ, ತಲೆಗೆ ಹೆಲ್ಮೆಟ್ ಇರ್ಲಿ. ಜನ ಇರೋ ಕಡೆ ಬೇಡ, ಒದ್ದೆ ನೆಲ ಬೇಡ. ಇಳಿಜಾರಂತೂ ಬೇಡ್ವೇ ಬೇಡ.” ಕೊನೆಯ ಮಾತಿಗೆ ನನ್ನ ಮುಖ ಹೇಗಾಯಿತೋ, “ನೀವು ಕೂತ್ಕೊಳ್ಳಿ,” ಎಂದು ಕುರ್ಚಿ ಎಳೆದುಕೊಟ್ಟರು.

ಆ ಮಂಕಿನಲ್ಲೇ ಬೋರ್ಡು ಬರೆದೆ. ಒಣಗಿತು, ತೂಗುಹಾಕಿದ್ದೂ ಆಯಿತು. ಶಾಲೆ ಬಿಟ್ಟು ಬಂದ ಬುಗುರಿ ಅದರ ಮುಂದೆ ನಿಂತು ಓದಿದಳು. “ಅಮ್ಮಾ, ಗಾಳಿ ಬೂಟು ಹಾಕಿಕೊಂಡು ಒಳಗೆ ಬರಬಾರದು ಅಂತ ಬರ್ದಿದೀಯ.” ಹೌದು, ಹಾಗೇ ಬರೆದಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದಕ್ಷರ ತಪ್ಪದವಳು, ಅಂಗೈಯಗಲದ ದಪ್ಪ ಕೆಂಪಕ್ಷರದಲ್ಲಿ, ಇಡೀ ಊರಿಗೆ ಕಾಣುವ ಹಾಗೆ. ಅವಳ ಗೆಳತಿಯೊಬ್ಬಳು ಮೇಲ್ವಿಚಾರಕರ ಹತ್ತಿರ ಹೋಗಿ, “ಸರ್, ನಂದು ಗಾಳಿ ಬೂಟಲ್ಲ, ಗಾಲಿ ಬೂಟು, ಬರಬಹುದಾ?” ಎಂದು ಕೇಳಿಯೂ ಬಿಟ್ಟಳು. ಅವರು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಮನುಷ್ಯ. ಬೋರ್ಡು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಕ್ಕ ಮೇಲೆ ಮಾತು ಸಲೀಸಾಯಿತು. ನೀನು ಕೂರಿಸಿದ ಗಾಲಿಯನ್ನು ಮಗುವೇ ಒತ್ತಿ ಕಳಚಬಹುದಲ್ಲ, ಅದನ್ನು ಬುಗುರಿ ಅವರಿಗೆ ತೋರಿಸಿದಳು. ಕಳಚಿದರೆ ಅದು ಬರೀ ಬೂಟು. ಹಾಗೆ ಕಳಚಿದಾಗಲೇ ನೋಡು, ಹಿಮ್ಮಡಿಯ ಗೂಡಿನೊಳಗಿಂದ ಹಿತ್ತಾಳೆಯ ಚೂರೊಂದು ಅವಳ ಅಂಗೈಗೆ ಬಿತ್ತು. ಕಳೆದುಹೋಗಿದ್ದ ಗಾಲಿ. ಗಡಿಯಾರದವರು ಅದನ್ನು ಭೂತಗನ್ನಡಿಯ ಕೆಳಗೆ ತಿರುಗಿಸಿ ನೋಡಿ, “ಹಲ್ಲು ಮುರಿದಿಲ್ಲ,” ಎಂದಷ್ಟೇ ಹೇಳಿದರು. ಆಮೇಲೆ ಬುಗುರಿಯ ತಲೆ ಸವರಿದರು.

ಈಗ ಬಾಗಿಲಲ್ಲಿ ಬೇರೆ ಬೋರ್ಡಿದೆ: ‘ಗಾಲಿ ಕಳಚಿ ಒಳಗೆ ಬನ್ನಿ’. ಮಕ್ಕಳು ಗಾಲಿಯನ್ನು ಜೇಬಿಗೆ ಹಾಕಿಕೊಂಡು ಎಲ್ಲರ ಹಾಗೆ ನಡೆದು ಬರುತ್ತಾರೆ. ಹಿಂದುಗಡೆ ಸಾಮಾನು ಇಳಿಸುವ ಅಂಗಳ ನಾಲ್ಕು ಗಂಟೆಯ ಮೇಲೆ ಖಾಲಿ. ನೆಲ ಸಮ, ಲಾರಿ ಬಾರದಂತೆ ಗೇಟು ಹಾಕುತ್ತಾರೆ. ಅಲ್ಲಿ ಆಡಿಕೊಳ್ಳಲಿ ಎಂದು ಮೇಲ್ವಿಚಾರಕರು ಒಪ್ಪಿದರು. ನನ್ನ ತಪ್ಪು ಬೋರ್ಡಿನ ಕೊನೆಯ ಎರಡು ಪದ ಅಳಿಸಿ, ‘ಗಾಳಿ ಬೂಟು ಹಾಕಿಕೊಂಡು ಬನ್ನಿ’ ಎಂದು ಮಾಡಿ, ಬುಗುರಿ ಅಂಗಳದ ಗೋಡೆಗೆ ತೂಗುಹಾಕಿಸಿದ್ದಾಳೆ.

ಮೊನ್ನೆ ಆ ಅಂಗಳದಲ್ಲಿ ಅವಳ ಕೈ ಹಿಡಿದುಕೊಂಡು ನಿಂತೆ. ತಲೆಗೆ ಹೆಲ್ಮೆಟ್, ಮಣಿಕಟ್ಟಿಗೆ ಪಟ್ಟಿ.

“ಬಿಡು ಅಮ್ಮಾ,” ಅಂದಳು.

“ಬಿಡು ಅಂದ್ಯಾ, ಬಿಡಬೇಡ ಅಂದ್ಯಾ?”

“ಬಿಡು.”

“ಇನ್ನೊಂದ್ಸಲ ಹೇಳು.”

“ಅಯ್ಯೋ ಅಮ್ಮಾ, ಬಿಡು ಅಂದ್ರೆ ಬಿಡು.”

ಬಿಟ್ಟೆ. ಹೋದಳು. ಅಂಗಳದ ಆ ತುದಿಯವರೆಗೆ, ಆ ಬಿಸಿಲಿನೊಳಗೆ ಸಣ್ಣದಾಗುತ್ತಾ ಹೋಗಿ, ಗೋಡೆಗಿಂತ ಹತ್ತು ಹೆಜ್ಜೆ ಮುಂಚೆ ಮುಂಗಾಲು ಊರಿ ನಿಂತು, ತಿರುಗಿ ಕೈ ಬೀಸಿದಳು. ನನ್ನ ಕೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು. ಅಳು ಬಂತು ಕಣೋ. ಸಂತೋಷಕ್ಕೆ ಎಂದು ಅವಳಿಗೆ ಹೇಳಿದೆ.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಜನ ಓಡಾಡುವ ಕಡೆ ಬೇಡ. ಸಮನಾದ, ಒಣಗಿದ, ಖಾಲಿ ಜಾಗದಲ್ಲಿ, ದೊಡ್ಡವರೊಬ್ಬರು ಹತ್ತಿರ ಇದ್ದರೆ ಆಗಬಹುದು. ಗಾಲಿ ಈಗಿನ ಹಾಗೆ ಮಗುವಿನ ಕೈಯಲ್ಲೇ ಕಳಚುವಂತಿರಲಿ. ಪ್ರತಿ ಪೆಟ್ಟಿಗೆಯಲ್ಲೂ ಡಾಕ್ಟರಮ್ಮ ಹೇಳಿದ್ದನ್ನು ಚೀಟಿ ಬರೆದು ಇಡಿ. ದಯವಿಟ್ಟು ನೀನು ಬರೆಯಬೇಡ, ಅಕ್ಷರ ಬರುವವರ ಕೈಲಿ ಬರೆಸು.

ನಿನ್ನ ಎಡಗಾಲಿನ ಬೂಟಿಗೆ ಹೊಸ ದಪ್ಪ ಅಟ್ಟೆ ಹಾಕಿಕೊಂಡೆಯಾ? ಸವೆದದ್ದನ್ನೇ ಎಳೆದಾಡಬೇಡ, ಸೊಂಟ ಹಿಡಿಯುತ್ತದೆ. ಬುಗುರಿ ಮಾವನಿಗೆ ಮುತ್ತು ಕಳಿಸಿದ್ದಾಳೆ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ನೀನಿಡುವ ಪ್ರತಿ ಹೆಜ್ಜೆಯೂ ತಂಪಾಗಿರಲಿ.

ಎಂದೆಂದೂ ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಹಗ್ಗ ಜಾರಲಿಲ್ಲ. ಆವತ್ತು ಹಲಗೆಯ ಮೇಲೆ ಕೂರುವ ಸರದಿ ನನ್ನದು. ನೀನು ಅತ್ತದ್ದಕ್ಕೆ ಅಪ್ಪ ನಿನ್ನನ್ನೇ ಕೂರಿಸು ಅಂದರು. ನನಗೆ ಸಿಟ್ಟು ಬಂದಿತ್ತು. ಇಳಿಜಾರಿನ ಅರ್ಧದಲ್ಲಿ ನೀನು ತಿರುಗಿ ನೋಡಿ ಕೂಗಿದೆ. ನನಗೆ ‘ಬಿಡ’ ಅನ್ನುವುದಷ್ಟೇ ಕೇಳಿಸಿತು, ಉಳಿದದ್ದು ಗಾಳಿಗೆ ಹೋಯಿತು, ನಾನು ‘ಬಿಡು’ ಅಂದುಕೊಂಡೆ ಎಂದು ಮೂವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನೀನು ಅಂದದ್ದು ‘ಅಕ್ಕಾ, ಬಿಡಬೇಡ’. ಪೂರ್ತಿ ಕೇಳಿಸಿತ್ತು. ಕೇಳಿಸಿಕೊಂಡೇ ಬಿಟ್ಟೆ.

ನನ್ನ ಮಾತಿನ ಮೇಲೆ ನಂಬಿಕೆ ಎಂದು ಬರೆದಿದ್ದೀಯ. ಇದನ್ನು ಓದಿದ ಮೇಲೂ ಅದು ಉಳಿದರೆ ಆ ಬೂಟಿನ ಬಗ್ಗೆ ನಾನು ಹೇಳಿದ್ದನ್ನು ಇಟ್ಟುಕೋ, ಇಲ್ಲದಿದ್ದರೆ ಬೇರೆ ಯಾರನ್ನಾದರೂ ಕೇಳು.

ಆವತ್ತು ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಾಳಿಯೇ ಇರಲಿಲ್ಲ ಕಣೋ.