ಎರಡು ಕೆಂಪು ಮೂಲೆಗಳು

ಮಾರ್ಚ್ ೧೪

ಪ್ರೀತಿಯ ಮೇಷ್ಟ್ರೇ,

ಹೇಗಿದ್ದೀಯ? ಎಡಗೈಯಲ್ಲಿ ನೀನು ಬರೆದ ನಾಲ್ಕು ಸಾಲು ಕೈಸೇರಿ ಎರಡು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಪಡಬೇಡ. ಅಕ್ಷರ ಸೊಟ್ಟಗಿವೆ ಎಂದು ನೀನೇ ಬೈದುಕೊಂಡಿದ್ದೀಯ. ಮದುವೆಯಾದಾಗಿನಿಂದ ನನ್ನ ಡ್ರಾಯಿಂಗುಗಳಲ್ಲಿ ಮೇಷ್ಟ್ರ ಹಾಗೆ ತಪ್ಪು ಹುಡುಕಿ ನೀನು ಹಾಕುತ್ತಿದ್ದ ಗುರುತುಗಳಿಗಿಂತ ನೆಟ್ಟಗೇ ಇವೆ. ಮಾತು ನಿಧಾನವಾಗಿ ಬರುತ್ತಿದೆ, ಕೋಲು ಬಿಟ್ಟು ಅಡುಗೆಮನೆಯ ತನಕ ನಡೆದಳು ಎಂದು ನಿಮ್ಮಕ್ಕ ತಿಳಿಸಿದರು. ನಿನಗೆ ಪಾರ್ಶ್ವವಾಯು ಬಡಿದ ದಿನ ಯಾರಾದರೂ ಇಷ್ಟು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಇನ್ನು ಆಫೀಸಿನ ಸುದ್ದಿ. ನೀನು ವಿನ್ಯಾಸ ಮಾಡಿದ ಪಂಪಿನ ಹೊರಕವಚದ ಗೋಡೆ ಸ್ವಲ್ಪ ದಪ್ಪವಾಗಬೇಕು ಎಂದು ಪಂಪ್ ಕಾರ್ಖಾನೆಯ ಯಜಮಾನರು ಹೇಳಿ ಕಳಿಸಿದರು. ನಮ್ಮಿಂದ ಆಗದಿದ್ದರೆ ಬೇರೆ ಆಫೀಸಿಗೆ ಕೊಡುತ್ತಾರಂತೆ. ನೀನು ಅಕ್ಕನ ಮನೆಯಿಂದ ವಾಪಸು ಬರುವಷ್ಟರಲ್ಲಿ ನಿನ್ನ ಕೆಲಸ ಬೇರೆಯವರ ಮೇಜಿನ ಮೇಲಿರುವುದು ನನಗೆ ಬೇಕಿರಲಿಲ್ಲ. ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತಿತ್ತು, ಹೊಸದನ್ನು ತಂದೆ. "ಹದಿನಾರು ಕೋರ್ ಇದೆ ಸಾರ್, ಹದಿನಾರು ತಲೆ ಇದ್ದಂಗೆ, ಕಣ್ಣು ಮಿಟುಕಿಸೋದ್ರೊಳಗೆ ಕೆಲಸ ಮುಗಿಯುತ್ತೆ" ಎಂದ ಅಂಗಡಿಯವನು. ದಪ್ಪ ಬದಲಿಸಿದೆ. ಕಣ್ಣು ಮಿಟುಕಿಸಿದೆ. ಚಹಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

ಅವನನ್ನೇ ಕರೆಸಿದೆ. ಯಾವ ಕೋರ್ ಎಷ್ಟು ದುಡಿಯುತ್ತಿದೆ ಎಂದು ನೋಡಿ ತಲೆ ಕೆರೆದುಕೊಂಡ. "ಒಬ್ಬ ಗುಂಡಿ ತೋಡ್ತಿದ್ದಾನೆ, ಹದಿನೈದು ಜನ ಮೇಲೆ ನಿಂತು ನೋಡ್ತಿದ್ದಾರೆ ಸಾರ್!"

"ಅವರನ್ನೂ ಇಳಿಸಯ್ಯ."

"ಅದಾಗಲ್ಲ. ನಿಮ್ಮ ಸಾಫ್ಟ್‌ವೇರ್ ಒಂದಾದ ಮೇಲೆ ಒಂದು ಮಾಡುತ್ತೆ. ಗೋಡೆ ಏಳದೆ ತೂತು ಎಲ್ಲಿ ಕೊರೀತೀರಿ?"

ಅವನು ಹೋದ ಮೇಲೆ ನಿನ್ನ ವಿನ್ಯಾಸದ ಹೆಜ್ಜೆಗಳನ್ನು ಮೊದಲಿನಿಂದ ನೋಡುತ್ತ ಬಂದೆ. ಮೂಲೆಗಳನ್ನು ದುಂಡಗೆ ಮಾಡುವ ಕೆಲಸವನ್ನೆಲ್ಲ ನೀನು ಕೊನೆಗೆ ಒಂದೇ ಗುಂಪಾಗಿ ಇಟ್ಟಿದ್ದೀಯ. ಹೊತ್ತು ತಿನ್ನುತ್ತಿದ್ದ ಆ ಗುಂಪನ್ನು ಸದ್ಯಕ್ಕೆ ನಿಲ್ಲಿಸಿಟ್ಟೆ. ನೀರು ಕಾಯುವಷ್ಟು ಹೊತ್ತೂ ಬೇಕಾಗಲಿಲ್ಲ, ಗೋಡೆ ದಪ್ಪವಾಗಿ ನಿಂತಿತು. ಗಿರಾಕಿಗಳು ಎದುರಿಗೆ ಕೂತಿರುವಾಗಲೇ ನೀನು ಬದಲಾವಣೆ ಮಾಡಿ ತೋರಿಸುತ್ತಿದ್ದುದು ಹೀಗೆಯೇ! ಎಲ್ಲ ಆದಮೇಲೆ ಮೂಲೆಗಳನ್ನು ಮತ್ತೆ ಚಾಲೂ ಮಾಡಿದೆ. ಎರಡು ಮಾತ್ರ ಕೂಡಿಬರದೆ, ತಪ್ಪೆಂದು ಕೆಂಪಾಗಿ ಉಳಿದವು. ಎಷ್ಟು ಗುದ್ದಾಡಿದರೂ ಜಗ್ಗುತ್ತಿಲ್ಲ.

ಯಜಮಾನರಿಗೆ ಫೋನ್ ಮಾಡಿ, "ಇದನ್ನ ನಮ್ಮ ಮೇಷ್ಟ್ರೇ ನೋಡಬೇಕು" ಎಂದೆ.

"ಅವರ ಕೈಲಾಗುತ್ತೇನ್ರೀ?"

"ಆಗುತ್ತೆ. ನಿಧಾನ ಆಗುತ್ತೆ."

"ಸರಿ, ಎರಕದ ಅಚ್ಚು ಮಾಡೋರಿಗೆ ಮುಂದಿನ ತಿಂಗಳು ಅಂತೀನಿ. ಆದ್ರೆ ನೀವೇ ಮಾಡಿ ಅವರ ಹೆಸರು ಹೇಳ್ಬೇಡಿ, ನೋಡಿದ ತಕ್ಷಣ ಗೊತ್ತಾಗುತ್ತೆ" ಎಂದರು. ಅವಮಾನವಾಗಬೇಕಿತ್ತು. ನಗು ಬಂತು.

ಆ ಎರಡು ಮೂಲೆಗಳ ಚಿತ್ರ ಇದರ ಜೊತೆಗಿದೆ. ಏನು ಮಾಡಬೇಕೆಂದು ಅದರ ಮೇಲೇ ಗೀಚಿ ಕಳಿಸು. ನಿಮ್ಮಕ್ಕನಿಗೆ ನನ್ನ ನಮಸ್ಕಾರ. ನಿನ್ನ ಕೈಗೆ, ಕಾಲಿಗೆ, ಮಾತಿಗೆ ದಿನದಿನವೂ ಬಲ ಬರಲಿ.

ನಿನ್ನ
ಗುಮಾಸ್ತ

ಮತ್ತೆ: ಹೋದ ಭಾನುವಾರ ಫೋನಿನಲ್ಲಿ "ರೀ, ನಂಗೆ..." ಎಂದು ನೀನು ಸುಮ್ಮನಾದೆ. ಲೈನ್ ಕಡಿದುಹೋಯಿತೆಂದುಕೊಂಡು ನಾನು ಇಟ್ಟುಬಿಟ್ಟೆ. ಅದಾದ ಮೇಲೂ ನೀನು ಫೋನನ್ನು ಕಿವಿಗೆ ಹಿಡಿದುಕೊಂಡೇ ಪದ ಹುಡುಕುತ್ತಿದ್ದೆ ಎಂದು ನಿಮ್ಮಕ್ಕ ಹೇಳಿದರು. ಅವತ್ತಿನಿಂದ ನೀನು ಫೋನ್ ಮುಟ್ಟಿಲ್ಲವಂತೆ. ಈ ಭಾನುವಾರ ನಾನೇ ಮಾಡುತ್ತೇನೆ, ಎತ್ತಿಕೋ. ನೀನು ಸುಮ್ಮನಿರುವಷ್ಟು ಹೊತ್ತು ನಾನೂ ಸುಮ್ಮನಿರುತ್ತೇನೆ. ಇಡುವುದಿಲ್ಲ.