ಸೋದರಮಾವನಾಗಿದ್ದಕ್ಕೆ ಅನರ್ಹ

ಮಕ್ಕಳ ಕಲ್ಯಾಣದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ತಂಗಿಯೂ ಅವಳ ಗಂಡನೂ ತೀರಿಕೊಂಡ ಮೇಲೆ ಅವರ ಎಂಟು ವರ್ಷದ ಮಗಳನ್ನು ಸಾಕುತ್ತಿರುವ ನನಗೆ ಪೋಷಣಾ ಭತ್ಯೆ ಸಲ್ಲದೆಂದು ತಾವು ತೀರ್ಮಾನಿಸಿದ್ದೀರಿ. ಕಾರಣ, ನಾನು ಮಗುವಿನ ಸೋದರಮಾವ. ಅದೇ ಮಗುವನ್ನು ಮುಖಪರಿಚಯವೂ ಇಲ್ಲದ ಯಾರೋ ಸಾಕಿದರೆ ಭತ್ಯೆ ಉಂಟು. ಅವಳ ತಾಯಿಗೆ ಅಣ್ಣನಾಗಿ ಹುಟ್ಟುವ ಮುನ್ನ ಇಲಾಖೆಯ ಪೂರ್ವಾನುಮತಿ ಪಡೆಯದಿದ್ದದ್ದು ನನ್ನ ತಪ್ಪೇ, ಒಪ್ಪುತ್ತೇನೆ.

ನಾನು ಕ್ಷೌರಿಕ. ಗಂಡಸರ ತಲೆಯ ಭಾರ ಇಳಿಸುವುದಷ್ಟೇ ಗೊತ್ತಿದ್ದವನು ಈಗ ಎರಡು ಜಡೆ ಹೆಣೆಯಲು ಕಲಿತಿದ್ದೇನೆ. ಮೊದಮೊದಲು ಒಂದು ಜಡೆ ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ. ಶಾಲೆ ಬಿಡುವ ಹೊತ್ತಿಗೆ ಅಂಗಡಿಯ ಬಾಗಿಲೆಳೆದು ಓಡುತ್ತೇನೆ. ಗಿರಾಕಿಗಳು ಬರುವುದೂ ಅದೇ ಹೊತ್ತಿಗೆ. ಅವರೀಗ ಎದುರಿನ ಅಂಗಡಿಯಲ್ಲಿ ಕತ್ತು ಒಡ್ಡುತ್ತಾರೆ. ರಕ್ತಸಂಬಂಧ ಕಂಡು ಹಾಲಿನವನು ದರ ಇಳಿಸುತ್ತಾನೆಯೇ? ಮಾವನ ಮನೆಯೆಂದು ಮಗುವಿನ ಚಪ್ಪಲಿ ಪಾದದ ಜೊತೆ ತಾನೂ ಬೆಳೆಯುತ್ತದೆಯೇ?

ಕಳೆದ ಸೋಮವಾರ ಅವಳನ್ನೂ ಕರೆದುಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ತಾವು ಫೈಲಿನಿಂದ ತಲೆಯೆತ್ತದೆ ಹೇಳಿದಿರಿ: "ಸ್ವಂತದವರು ನೋಡ್ಕೊಳ್ಳೋದು ಸಹಜ ಅಲ್ವೇನ್ರೀ? ಅಷ್ಟು ಕಷ್ಟ ಆದ್ರೆ ಅನಾಥಾಲಯಕ್ಕೆ ಬಿಡಿ. ಅಲ್ಲಿಂದ ಬೇರೆಯವರು ಕರ್ಕೊಂಡು ಹೋದ್ರೆ ಅವರಿಗೆ ಭತ್ಯೆ ಸಿಗುತ್ತೆ."

ಎಂಥ ಉದಾರ ಸಲಹೆ. ಪಕ್ಕದ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದವಳ ಕಿವಿಗೂ ಅದು ಬಿತ್ತು. ಆಡುತ್ತಿದ್ದ ಕಾಲು ನಿಂತಿತು.

ಮರುದಿನ ಬೆಳಿಗ್ಗೆ ಬಾಚಣಿಗೆ ಹಿಡಿದು ಎದುರು ನಿಂತಳು. "ಅಂಕಲ್, ಜಡೆ ಹಾಕ್ಕೊಡ್ತೀರಾ?"

ಮಾತು ಬಂದಾಗಿನಿಂದ "ಮಾಮ, ಬಾರೋ" ಎನ್ನುತ್ತಿದ್ದವಳು. "ಯಾರೇ ನಿನಗೆ ಅಂಕಲ್ಲು?" ಎಂದೆ.

"ನೀವು ಬೇರೆಯವರಾದ್ರೆ ದುಡ್ಡು ಕೊಡ್ತಾರಂತಲ್ಲ. ಆಗ ನನ್ನ ಎಲ್ಲೂ ಬಿಡಬೇಕಾಗಲ್ಲ. ಅದಕ್ಕೇ ಅಭ್ಯಾಸ ಮಾಡ್ತಿದ್ದೀನಿ."

ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡು ಜಡೆ ಹೆಣೆಯತೊಡಗಿದೆ. ನಿನ್ನನ್ನು ಎಲ್ಲಿಗೂ ಬಿಡುವುದಿಲ್ಲ ಎಂದು ಎಷ್ಟು ಹೇಳಿದರೂ ಸಂಜೆಯವರೆಗೆ ಆ "ನೀವು" ಹೋಗಲಿಲ್ಲ. ಈಗಲೂ ಯಾರಾದರೂ ಕದ ತಟ್ಟಿದರೆ ನಾನು ಅಂಕಲ್ಲೇ. ಬಂದವರು ತಮ್ಮ ಕಡೆಯವರಾಗಿದ್ದರೆ ಎಂಬ ಮುನ್ನೆಚ್ಚರಿಕೆ. ತಮ್ಮ ನಿಯಮದ ಒಳಮರ್ಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಪ್ರಜೆ ತಮಗೆ ಇನ್ನೊಬ್ಬಳು ಸಿಗಲಾರಳು.

ಭತ್ಯೆ ಇರುವುದು ಮಗುವಿನ ಹೊಟ್ಟೆಗೆ, ಸಾಕುವವನ ವಂಶವೃಕ್ಷಕ್ಕಲ್ಲ. ನಿಯಮವನ್ನು ತಿದ್ದಿ. ತಿದ್ದಲಾಗದಿದ್ದರೆ ಒಮ್ಮೆ ನಮ್ಮ ಮನೆಗೆ ಬನ್ನಿ. ಮಾಮನನ್ನು ಮಾಮ ಎನ್ನುವುದರಲ್ಲಿ ತಪ್ಪೇನು ಎಂಬುದನ್ನು ಅವಳಿಗೆ ತಾವೇ ತಿಳಿಸಿ.

ಇಂತಿ,
ಮನೆಗೆ ಯಾರೂ ಬಾರದಿದ್ದಾಗ ಮಾತ್ರ ಮಾಮನಾಗಿರುವ
ಒಬ್ಬ ಕ್ಷೌರಿಕ