ಏಳು ಸೀಸೆ ನೀರು

ಜೆಪ್ಪು, ಮಂಗಳೂರು
೨೩ ಜನವರಿ ೨೦೨೫

ಪ್ರೀತಿಯ ಪುಳ್ಳಿ ಅಶ್ಮಿತಾ,

ಹಡಗಿನಲ್ಲಿ ವಾಂತಿ ನಿಂತಿತೇ? ಊಟ ಸೇರುತ್ತದೆಯೇ? ನಡುಗಡಲಿಗೆ ಫೋನು ತಾಗುವುದಿಲ್ಲವಲ್ಲ, ನಿನ್ನ ಜೊತೆಯ ಸಮದ್ ಗೋವಾದಲ್ಲಿ ಹಡಗು ಹತ್ತುತ್ತಾನೆಂದು ತಿಳಿದು ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಅಜ್ಜಿಯ ಸೊಂಟದ ಆಪರೇಷನ್ ಆಗಿ ಹದಿನೆಂಟು ದಿನ. ಎಬ್ಬಿಸುವುದು, ನಡೆಸುವುದು, ಗಂಜಿ ಬೇಯಿಸುವುದು, ತಾರಸಿಯ ಮಲ್ಲಿಗೆ ಗಿಡಗಳಿಗೆ ನೀರು ಹೊರುವುದು ಎಲ್ಲ ನನ್ನದೇ. ಮಲಗಿದಲ್ಲಿಂದಲೇ ಅವಳ ದರ್ಬಾರು: “ಗಿಡಕ್ಕೆ ನೆಲಗಡಲೆ ಹಿಂಡಿ ನೆನೆಸಿದ ನೀರು ಹಾಕಿದ್ರಾ? ಬಿಳಚಿದ್ರೆ ನಿಮ್ಮನ್ನು ಬಿಡ್ಲಿಕ್ಕಿಲ್ಲ ಮಾರಾಯ್ರೇ!” ಮೊನ್ನೆ ಗಂಜಿಗೆ ಎರಡು ಸಲ ಉಪ್ಪು ಹಾಕಿದೆ. ತಾರಸಿಯ ಮೆಟ್ಟಿಲಲ್ಲಿ ಕೂತವನು ಹಾಗೆಯೇ ನಿದ್ದೆ ಹೋದದ್ದೂ ಉಂಟು.

ನೀನು ಒಪ್ಪಿಸಿ ಹೋದ ಸೀಸೆಗಳನ್ನು, ಕಿಟಕಿಯ ಕಟ್ಟೆಯಲ್ಲಿ ಆರು, ಮೇಲಿನ ಹಲಗೆಯಲ್ಲಿ ಒಂದು, ದಿನವೂ ನೋಡುತ್ತೇನೆ. ನೀನು ಈ ನೀರು ತುಂಬಿಸಿ ತಂದ ದೇರೆಬೈಲಿನ ಆ ಕೆಂಪು ಕಲ್ಲಿನ ಕೋರೆಯ ಹೊಂಡವನ್ನು ಮುಚ್ಚಿ ಫ್ಲಾಟಿನ ಪಿಲ್ಲರ್ ಎಬ್ಬಿಸಿದ್ದಾರೆ. ಅಲ್ಲಿನ ಎಪಿಥೆಮಿಯಾ ಎಂಬ ಬರಿಗಣ್ಣಿಗೆ ಕಾಣದ ಪಾಚಿ ಇನ್ನು ಇರುವುದು ಈ ಏಳು ಸೀಸೆಗಳಲ್ಲಿ ಮಾತ್ರ, ನಿನ್ನ ಎರಡು ವರ್ಷದ ಕೆಲಸವೂ ಅದರಲ್ಲೇ ಎಂಬುದನ್ನು ಮರೆತಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕಾಲೇಜಿನ ಲ್ಯಾಬಿನಲ್ಲಿ ಗಾಜು ತೊಳೆಯುತ್ತಾ ಮೈಕ್ರೋಸ್ಕೋಪು ಕಲಿತವನು ನಾನು. ಆದರೂ ಇಂಥದ್ದನ್ನು ಕಂಡಿರಲಿಲ್ಲ. ಕಿತ್ತಳೆ ತೊಳೆಯ ಆಕಾರದ ಗಾಜಿನ ಮನೆ, ಮನೆಯವಳು ಆ ಪಾಚಿ, ಒಳಗೊಬ್ಬ ಸೂಕ್ಷ್ಮಾಣು ನೆಂಟ. ಅವನು ಗಾಳಿಯ ಸಾರಜನಕ ಹಿಡಿದು ಗೊಬ್ಬರ ಮಾಡಿಕೊಡುತ್ತಾನೆ, ಮನೆಯವಳು ಬಿಸಿಲಲ್ಲಿ ಅಡುಗೆ ಮಾಡಿ ಅವನಿಗೆ ಬಡಿಸುತ್ತಾಳೆ. ಹೊರಗೆ ಬಿಟ್ಟರೆ ಅವನಿಗೆ ಬದುಕಲಿಕ್ಕೇ ಬಾರದು. ನಿನ್ನ ಅಜ್ಜಿ ದೇಯಿಗೆ ಇದನ್ನು ಹೇಳಿದರೆ, “ಹಾಗಾದ್ರೆ ನಿಮ್ಮ ಜಾತಿಯದ್ದೇ” ಎಂದು ನಕ್ಕು, ಅಯ್ಯೋ ಎಂದು ಸೊಂಟ ಹಿಡಿದುಕೊಂಡಳು.

ತಲೆಗೆ ಎಣ್ಣೆ ಹಾಕಿಕೊಳ್ಳಲು ಅಜ್ಜಿ ಹೇಳಿದ್ದಾಳೆ. ಇಬ್ಬರ ಹರಕೆಯೂ ನಿನ್ನ ಬೆನ್ನಿಗಿರಲಿ. ಕೈ ಸೋಲುತ್ತಿದೆ, ನಿಲ್ಲಿಸುತ್ತೇನೆ.

ನಿನ್ನ ಅಜ್ಜ
ಲೋಕಯ್ಯ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. “ನಾನು ಕೊಟ್ಟ ನೀರು ಬಿಟ್ಟು ಎಂತದೂ ಹಾಕ್ಬೇಡಿ ಅಜ್ಜ” ಎಂದು ನೀನು ಹೇಳಿ ಹೋಗಿದ್ದೆ. ಹೋದ ಶುಕ್ರವಾರ ಸೀಸೆಗಳು ಬಿಳಚಿದಂತೆ ಕಂಡವು. ಪಾಪ ಅನ್ನಿಸಿ, ಕೈಯಲ್ಲಿದ್ದ ಮಲ್ಲಿಗೆಯ ಹಿಂಡಿ ನೀರನ್ನು ಒಂದೊಂದು ಹನಿ ಬಿಟ್ಟೆ. ಮೂರೇ ದಿನಕ್ಕೆ ಹಸಿರೋ ಹಸಿರು! ದೇಯಿಗೂ ತೋರಿಸಿ ಹೆಮ್ಮೆಪಟ್ಟೆ. ನೀನು ಬಿಟ್ಟು ಹೋದ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲ ಬೇರೆ ಪಾಚಿ. ಗೊಬ್ಬರ ಸಿಕ್ಕಿದ್ದೇ ತಡ, ಅವು ನುಗ್ಗಿ ನಿನ್ನವನ್ನು ಮುಚ್ಚಿಬಿಟ್ಟಿವೆ. ಗಾಜಿನ ಮನೆಗಳೆಲ್ಲ ಖಾಲಿ. ಆರು ಸೀಸೆ ಹೋಯಿತು ಮಗಾ. ಹಲಗೆಯ ಮೇಲಿನ ಏಳನೆಯದಕ್ಕೆ ಮಾತ್ರ ಹಾಕಲಿಲ್ಲ. ಅಂದು ಸ್ಟೂಲು ಹತ್ತಲು ಕಾಲು ಏಳಲಿಲ್ಲ, ನಾಳೆ ಹಾಕಿದರಾಯಿತೆಂದು ಬಿಟ್ಟಿದ್ದೆ. ಇಂದು ಹತ್ತಿ ಒಂದು ಹನಿ ತೆಗೆದು ನೋಡಿದೆ. ಬಿಳಚಿಕೊಂಡೇ ಇದೆ, ಆದರೆ ಮನೆಯವಳೂ ನೆಂಟನೂ ಇದ್ದಾರೆ. ಇಳಿದವನೇ ಸ್ಟೂಲನ್ನು ಪಕ್ಕದ ಮನೆಯ ಮಗ್ದಲೀನ್ ಬಾಯಿಗೆ ಕೊಟ್ಟೆ. ನೀನು ಬರುವ ತನಕ, ನಾನು ಕೇಳಿದರೂ ಕೊಡಬಾರದು ಎಂದಿದ್ದೇನೆ.